ಎರಡು ಲಿಥಿಯಂ ಬ್ಯಾಟರಿಗೆ ಒಂದು ಪೆಟ್ಟಿಗೆ: ಕೊಳ್ಳೋ ಮೊದಲು ಲೆಕ್ಕ ಹಾಕೋಣ

ರಾಜ್ಯೋತ್ಸವಕ್ಕೆ ಡೀಸೆಲ್ ಜನರೇಟರ್ ಬೇಡ, ಬ್ಯಾಟರಿ ಟ್ರಾಲಿ ಮಾಡೋಣ ಅಂತ ನಿಮ್ಮ ತಂಡ ತೀರ್ಮಾನಿಸಿದೆ ಅಂದುಕೊಳ್ಳಿ. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಎರಡು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಪ್ಯಾರಲಲ್ ಜೋಡಣೆ. ಒಟ್ಟು ಶಕ್ತಿ 2,560 ವ್ಯಾಟ್-ಅವರ್. ಬ್ಯಾಟರಿ, ಇನ್ವರ್ಟರ್ ಎಲ್ಲಾ ಯೋಚಿಸಿ ಆರಿಸ್ತೀವಿ. ಪೆಟ್ಟಿಗೆ ಮಾತ್ರ "ಯಾವುದೋ ಒಂದು ಡಬ್ಬ" ಅಂತ ಕೊನೆಗೆ ಬಿಡ್ತೀವಿ. ಆದರೆ ಬ್ಯಾಟರಿಯ ಆಯಸ್ಸು, ಸುತ್ತ ನಿಂತವರ ಸುರಕ್ಷತೆ ಎರಡೂ ಆ ಡಬ್ಬದ ಮೇಲೇ ನಿಂತಿವೆ.

1. ಅಳತೆ

ಈ ಗಾತ್ರದ ಬ್ಯಾಟರಿ ಸುಮಾರು 330 × 172 × 215 ಮಿ.ಮೀ. ಇರುತ್ತೆ. ಎರಡನ್ನು ಪಕ್ಕಪಕ್ಕ ಇಟ್ಟು, ನಡುವೆ 20 ಮಿ.ಮೀ. ಜಾಗ, ಸುತ್ತ ಸ್ವಲ್ಪ ಸಡಿಲ, ಮೇಲೆ ಕೇಬಲ್ ಬಾಗೋದಕ್ಕೆ 65 ಮಿ.ಮೀ. ಬಿಟ್ಟರೆ ಪೆಟ್ಟಿಗೆ 400 × 420 × 280 ಮಿ.ಮೀ. ಆಗುತ್ತೆ. ದಪ್ಪ ಕೇಬಲ್ ಕಾಗದದ ಮೇಲೆ ಬಾಗಿದಷ್ಟು ಸುಲಭವಾಗಿ ಕೈಯಲ್ಲಿ ಬಾಗೋಲ್ಲ. ಮೊದಲು ರಟ್ಟಿನಲ್ಲಿ ಒಂದು ಮಾದರಿ ಮಾಡಿ, ಕೇಬಲ್ ಹಾಕಿ ನೋಡಿ.

2. ಶಾಖ

ಲೋಡ್ 100 ಆಂಪಿಯರ್ ಎಳೆದರೆ ಒಂದೊಂದು ಬ್ಯಾಟರಿಗೆ 50 ಆಂಪಿಯರ್. ಬಿಎಂಎಸ್ ಸೇರಿ ಒಳರೋಧ 10 ಮಿಲಿ ಓಮ್ ಅಂತ ಇಟ್ಟುಕೊಳ್ಳೋಣ (ನಿಮ್ಮ ಡೇಟಾಶೀಟ್ ನೋಡಿ ಬದಲಿಸಿ).

ಶಾಖ = I²R = 50 × 50 × 0.01 = 25 ವ್ಯಾಟ್. ಎರಡಕ್ಕೆ 50 ವ್ಯಾಟ್.

ತಳ ಬಿಟ್ಟು ಪೆಟ್ಟಿಗೆಯ ಹೊರಮೈ ಸುಮಾರು 0.63 ಚದರ ಮೀಟರ್. ಗಾಳಿ ಬೀಸದ ಜಾಗದಲ್ಲಿ ಹೊರಮೈಯಿಂದ ಶಾಖ ಹೋಗೋ ದರ ಚದರ ಮೀಟರಿಗೆ, ಡಿಗ್ರಿಗೆ ಸುಮಾರು 8 ವ್ಯಾಟ್. ಅಂದರೆ,

ಏರಿಕೆ = 50 ÷ (8 × 0.63) ≈ 10 ಡಿಗ್ರಿ.

ಹೊರಗೆ 35 ಡಿಗ್ರಿ ಇದ್ದರೆ ಪೆಟ್ಟಿಗೆ ಗೋಡೆ 45ರ ಹತ್ತಿರ ಬರುತ್ತೆ, ಒಳಗಿನ ಸೆಲ್ ಅದಕ್ಕಿಂತ ಕೆಲವು ಡಿಗ್ರಿ ಹೆಚ್ಚು. ಹೆಚ್ಚಿನ ಎಲ್‌ಎಫ್‌ಪಿ ಬ್ಯಾಟರಿಗಳಿಗೆ ಡಿಸ್ಚಾರ್ಜ್ ಮಿತಿ 60 ಡಿಗ್ರಿ, ಚಾರ್ಜ್ ಮಿತಿ 45 ಡಿಗ್ರಿ ಆಸುಪಾಸು. ಹಾಗಾಗಿ ಕಾರ್ಯಕ್ರಮ ನಡೆಯೋವಾಗ ತೊಂದರೆ ಇಲ್ಲ. ಮುಗಿದ ತಕ್ಷಣ ಚಾರ್ಜಿಗೆ ಹಾಕೋದು ಮಾತ್ರ ಬೇಡ, ಮುಚ್ಚಳ ತೆಗೆದು ಆರಲು ಬಿಡಿ. ಇದೇ ಟ್ರಾಲಿ ಮೇ ತಿಂಗಳಲ್ಲಿ ರಾಯಚೂರಿನಲ್ಲಿದ್ದರೆ ಲೆಕ್ಕ 42 ಡಿಗ್ರಿಯಿಂದ ಶುರುವಾಗುತ್ತೆ ಅನ್ನೋದನ್ನೂ ನೆನಪಿಡಿ.

3. ಅಲ್ಯೂಮಿನಿಯಮ್ಮಾ, ಪ್ಲಾಸ್ಟಿಕ್ಕಾ?

"ಅಲ್ಯೂಮಿನಿಯಂ ಶಾಖವನ್ನು ಚೆನ್ನಾಗಿ ಬಿಡುತ್ತೆ, ಅದೇ ತಗೊಳ್ಳೋಣ" ಅಂತ ತಂಡದಲ್ಲಿ ಒಬ್ಬರಾದರೂ ಹೇಳ್ತಾರೆ. ಲೆಕ್ಕ ಏನು ಹೇಳುತ್ತೆ? 3 ಮಿ.ಮೀ. ಪ್ಲಾಸ್ಟಿಕ್‌ನ ಉಷ್ಣವಾಹಕತೆ 0.2 ಅಂತ ಹಿಡಿದರೆ, ಗೋಡೆ ದಾಟುವಾಗ ಆಗೋ ವ್ಯತ್ಯಾಸ 50 × 0.003 ÷ (0.2 × 0.63) ≈ 1.2 ಡಿಗ್ರಿ. ಅಷ್ಟೇ! ಶಾಖವನ್ನು ತಡೆಯೋದು ಗೋಡೆ ಅಲ್ಲ, ಗೋಡೆಗೆ ಅಂಟಿದ ಗಾಳಿಯ ಪದರ. ಬ್ಯಾಟರಿ ಮೈಯನ್ನು ನೇರವಾಗಿ ಲೋಹಕ್ಕೆ ತಾಗಿಸಿ ಕೂರಿಸಿದಾಗ ಮಾತ್ರ ಅಲ್ಯೂಮಿನಿಯಂಗೆ ಕೊಟ್ಟ ದುಡ್ಡಿಗೆ ಅರ್ಥ ಇದೆ.

ಆದರೆ ಐಸ್ ಬಾಕ್ಸ್ ಬೇಡವೇ ಬೇಡ. 25 ಮಿ.ಮೀ. ಥರ್ಮೋಕೋಲ್ ಇದ್ದರೆ ಅದೇ 1.2 ಡಿಗ್ರಿ, ತುಂಬಾ ಹೊತ್ತು ಓಡಿಸಿದಾಗ, 60 ಡಿಗ್ರಿ ದಾಟುತ್ತೆ.

ಹಾಗಾದರೆ ಯಾವುದರ ಮೇಲೆ ಆರಿಸೋದು? ಬೆಂಕಿ ಮತ್ತು ಶಾರ್ಟ್ ಸರ್ಕ್ಯೂಟ್. ಪ್ಲಾಸ್ಟಿಕ್ ಆದರೆ ಯುಎಲ್ 94 ವಿ-0 ದರ್ಜೆ ಇದೆಯಾ ನೋಡಿ, ಅಂದರೆ ಜ್ವಾಲೆ ತೆಗೆದ ಮೇಲೆ ತಾನೇ ಆರೋ ಪ್ಲಾಸ್ಟಿಕ್. ಲೋಹ ಆದರೆ ಒಳಗೆ ಇನ್ಸುಲೇಟಿಂಗ್ ಶೀಟ್ ಹಾಕಿ, ಕೇಬಲ್ ಹೊರಬರೋ ತೂತಿಗೆ ಗ್ಲ್ಯಾಂಡ್ ಹಾಕಿ. ಟರ್ಮಿನಲ್‌ಗೆ ಮುಚ್ಚಳ ಎರಡಕ್ಕೂ ಬೇಕು.

4. ಬಿಸಿಲು

ಮುಚ್ಚಳದ ವಿಸ್ತೀರ್ಣ 0.168 ಚದರ ಮೀಟರ್. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್. ಕಪ್ಪು ಮುಚ್ಚಳ ಅದರಲ್ಲಿ ಶೇ. 90 ಹೀರಿದರೆ 150 ವ್ಯಾಟ್, ಬ್ಯಾಟರಿಯ ಸ್ವಂತ ಶಾಖದ ಮೂರು ಪಟ್ಟು. ಎಲ್ಲವೂ ಒಳಗೆ ಇಳಿಯೋಲ್ಲ ನಿಜ, ಆದರೂ ಫ್ಯಾನ್ ಹುಡುಕೋ ಮೊದಲು ಬಿಳಿ ಬಣ್ಣ ಬಳಿಯಿರಿ, ಮೇಲೊಂದು ನೆರಳಿನ ಶೀಟ್ ಹಾಕಿ. ಇದಕ್ಕಿಂತ ಅಗ್ಗದ ಕೂಲಿಂಗ್ ಇಲ್ಲ.

5. ನೀರು ಮತ್ತು ಅನಿಲ

ಐಪಿ67 ಅಂದರೆ 6 ಧೂಳಿಗೆ, 7 ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸೋ ಪರೀಕ್ಷೆಗೆ. ಟ್ರಾಲಿಯನ್ನು ಯಾರೂ ಕೆರೆಗೆ ತಳ್ಳೋಲ್ಲ, ಮಳೆಗೆ ಐಪಿ54 ಅಥವಾ ಐಪಿ65 ಸಾಕು. ಪೂರ್ತಿ ಬಿಗಿಯಾದ ಡಬ್ಬ ಹಗಲು ಕಾದು ರಾತ್ರಿ ತಣಿದಾಗ ಒಳಗೇ ತೇವ ಕಟ್ಟಬಹುದು.

ಎಲ್‌ಎಫ್‌ಪಿ ಮಾಮೂಲಿ ಬಳಕೆಯಲ್ಲಿ ಅನಿಲ ಬಿಡೋಲ್ಲ. ಆದರೆ ಸೆಲ್ ಕೆಟ್ಟು ಬಿಸಿಯಾದರೆ ಹೈಡ್ರೋಜನ್ ಸೇರಿದಂತೆ ಉರಿಯೋ ಅನಿಲಗಳು ಬರುತ್ತವೆ. ದಾರಿ ಇಲ್ಲದ ಪೆಟ್ಟಿಗೆ ಆಗ ಬಾಂಬ್ ಆಗುತ್ತೆ. 2022ರ ಇ-ಸ್ಕೂಟರ್ ಬೆಂಕಿ ಅನಾಹುತಗಳ ನಂತರ ಬಿಗಿಯಾದ ಎಐಎಸ್-156 ನಿಯಮ ವಾಹನದ ಪ್ಯಾಕ್‌ಗಳಿಗೆ ಒತ್ತಡ ಹೊರಬಿಡೋ ವೆಂಟ್ ಕೇಳೋದು ಇದಕ್ಕೇ. ನಿಮ್ಮ ಪೆಟ್ಟಿಗೆಗೂ ಜನ ನಿಲ್ಲದ ಕಡೆ ಮುಖ ಮಾಡಿದ, ಮಳೆ ನುಗ್ಗದ ವೆಂಟ್ ಇರಲಿ.

6. ಫ್ಯೂಸ್

ಶಾರ್ಟ್ ಆದರೆ ಒಂದೇ ಬ್ಯಾಟರಿ 12.8 ÷ 0.01 = 1,280 ಆಂಪಿಯರ್ ಕೊಡಬಲ್ಲದು. ಬಿಎಂಎಸ್ ತಡೆಯಬೇಕು, ಆದರೆ ಅದರ ಮಾಸ್ಫೆಟ್‌ಗಳೇ ಶಾರ್ಟ್ ಆದರೆ? ಪ್ಯಾರಲಲ್‌ನಲ್ಲಿ ಒಂದು ಬ್ಯಾಟರಿಯ ದೋಷಕ್ಕೆ ಇನ್ನೊಂದು ಕರೆಂಟ್ ಸುರಿಯುತ್ತೆ. ಆದ್ದರಿಂದ ಒಂದೊಂದಕ್ಕೂ ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ ಪ್ರತ್ಯೇಕ ಡಿಸಿ ಫ್ಯೂಸ್ ಹಾಕಿ. ಅದರ ಬ್ರೇಕಿಂಗ್ ಕೆಪಾಸಿಟಿ ಈ ಅಂಕಿಗಿಂತ ಹೆಚ್ಚಿರಲಿ. ಜೋಡಿಸೋ ಮೊದಲು ಎರಡನ್ನೂ ಪೂರ್ತಿ ಚಾರ್ಜ್ ಮಾಡಿ ವೋಲ್ಟೇಜ್ ಸಮ ಇದೆಯಾ ನೋಡಿ. ಲೋಡಿನ ಪಾಸಿಟಿವ್ ಒಂದು ಬ್ಯಾಟರಿಯಿಂದ, ನೆಗೆಟಿವ್ ಇನ್ನೊಂದರಿಂದ ತೆಗೆಯಿರಿ, ಆಗ ಕರೆಂಟ್ ಸಮವಾಗಿ ಹಂಚಿಕೆ ಆಗುತ್ತೆ.

ನಿಮಗೊಂದು ಅಭ್ಯಾಸ

ಇದೇ ಪೆಟ್ಟಿಗೆಯಲ್ಲಿ 40 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ತಾಪ ಎಷ್ಟು ಏರುತ್ತೆ? 8 ವ್ಯಾಟ್, ಅಂದರೆ ಒಂದೂವರೆ ಡಿಗ್ರಿ ಆಸುಪಾಸು ಬರಬೇಕು. ಕರೆಂಟ್ ಶೇ. 40ಕ್ಕೆ ಇಳಿದರೆ ಶಾಖ ಶೇ. 16ಕ್ಕೆ ಇಳಿಯಿತು ಅನ್ನೋದನ್ನು ಗಮನಿಸಿ. ಈಗ ನಿಮ್ಮ ಪ್ರಾಜೆಕ್ಟಿನ ಅಂಕಿ ಹಾಕಿ ಲೆಕ್ಕ ಮಾಡಿ, ಆಮೇಲೆ ಪೆಟ್ಟಿಗೆ ತರೋಕೆ ಹೊರಡಿ.