ಸೈಟಿನ ಯಾವ ಅರ್ಧ ತುಂಬಿದ ಮಣ್ಣು?

ಮಲೆನಾಡಿನಲ್ಲಿ ಸೈಟು ಮಾರುವವರಿಗೆ ಸುಗ್ಗಿ ಎಂದರೆ ಡಿಸೆಂಬರ್, ಜನವರಿ. ಬೆಂಗಳೂರಿನಿಂದ ಬಂದವರು ಬೆಳಗಿನ ಮಂಜು ನೋಡಿ, ನೀರುದೋಸೆ ತಿಂದು, ಮಧ್ಯಾಹ್ನದೊಳಗೆ ಮುಂಗಡ ಕೊಟ್ಟು ಹೋಗುತ್ತಾರೆ. ನಿವೃತ್ತಿಯಾದ ಮೇಲೆ ನಾವು ಹುಡುಕಲು ಹೊರಟಾಗ ಪಟ್ಟಿಯಲ್ಲಿ ಮಡಿಕೇರಿ, ಶಿರಸಿ, ಸಾಗರ ಇದ್ದವು. ಮಳೆಗಾಲ ಕಳೆಯದೆ ಯಾವ ಊರಿನಲ್ಲೂ ಒಂದು ರೂಪಾಯಿ ಕೊಡಕೂಡದು ಅನ್ನುವುದು ನನ್ನ ಹೆಂಡತಿಯ ಷರತ್ತು. ಹಾಗಾಗಿ ಸಾಗರದಲ್ಲಿ ಬಾಡಿಗೆಗೆ ಕೂತೆವು.

ಹವೆ ತಂಪಾಗಿದೆ ಅನ್ನುವುದು ತಿಂಗಳ ಖರ್ಚಿನ ಪುಸ್ತಕದಲ್ಲಿ ಬೇರೆಯೇ ರೀತಿ ಕಾಣುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು ಒಂದು ಸಾವಿರ ಮಿಲಿಮೀಟರ್ ಮಳೆ. ಮಡಿಕೇರಿಗೆ ಮೂರು ಸಾವಿರದ ಮೇಲೆ, ಆಗುಂಬೆಗೆ ಏಳು ಸಾವಿರದ ಮೇಲೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಸುರಿಯುತ್ತದೆ. ಜುಲೈಯಲ್ಲಿ ಸೋಲಾರ್ ಹೀಟರ್ ತಾರಸಿಯ ಅಲಂಕಾರ ಅಷ್ಟೆ, ಬಚ್ಚಲೊಲೆಗೆ ಸೌದೆ ಕೊಳ್ಳಲೇಬೇಕು. ತಾರಸಿ ಸೋರದಿರಲು ಅದರ ಮೇಲೊಂದು ಶೀಟಿನ ಮಾಡು, ಮರ ಬಿದ್ದು ತಂತಿ ಹರಿದ ರಾತ್ರಿಗಳಿಗೆ ಇನ್ವರ್ಟರ್, ಬೀರುವಿನೊಳಗಿನ ಬಟ್ಟೆಗೆ ಬೂಸಲು ಹಿಡಿಯದಂತೆ ಉಪಾಯ. ಬೇಸಿಗೆಯಲ್ಲಿ ಉಳಿಸಿದ ಫ್ಯಾನಿನ ಕರೆಂಟು ಇದಕ್ಕೆಲ್ಲ ಸಾಲದು. ಉಬ್ಬಸ ಇರುವವರು ಮನೆಯಲ್ಲಿದ್ದರೆ ಔಷಧದ ಬಿಲ್ಲೂ ಸೇರುತ್ತದೆ.

ಮನರಂಜನೆಗೆ ಗುಡ್ಡದ ನೋಟ ಸಾಕು ಎನ್ನುವವರಿದ್ದಾರೆ. ನೋಟ ಒಂದು ತಿಂಗಳಿಗೆ ಹಳತಾಗುತ್ತದೆ. ಸಂಜೆ ಆರರ ಮೇಲೆ ಕಾರು ತೆಗೆಯದೆ ಏನು ಸಿಗುತ್ತದೆ ಅನ್ನುವುದೇ ನನ್ನ ಅಳತೆ. ಸಾಗರದ ಪಕ್ಕದಲ್ಲೇ ಹೆಗ್ಗೋಡು. ಕೆ.ವಿ. ಸುಬ್ಬಣ್ಣ 1949ರಲ್ಲಿ ಹುಟ್ಟುಹಾಕಿದ ನೀನಾಸಂ, ಅದರ ನಾಟಕ, ಮಾತುಕತೆಗಳು ಅಲ್ಲಿವೆ. ಇನ್ನು ಯಕ್ಷಗಾನ ಎಲ್ಲಾದರೂ ಇದ್ದೇ ಇರುತ್ತದೆ. ನಮ್ಮ ಮಟ್ಟಿಗೆ ಮೊಮ್ಮಕ್ಕಳು ಬರುವುದೂ ಮನರಂಜನೆಯೇ. ತಾಳಗುಪ್ಪದ ರೈಲು ರಾತ್ರಿ ಹತ್ತಿದವರನ್ನು ಬೆಳಿಗ್ಗೆ ಇಲ್ಲಿ ಇಳಿಸುತ್ತದೆ. ಶಿರಸಿಗೂ ಮಡಿಕೇರಿಗೂ ರೈಲಿಲ್ಲ. ಕಾಡು ಸುತ್ತುವ ಚಟ ಮಾತ್ರ ಬೇಸಿಗೆಯಲ್ಲಿ ಬಿಟ್ಟಿದ್ದೇನೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣ್ಣೆಹುಳಕ್ಕೆ ನಿವೃತ್ತರೆಂಬ ದಾಕ್ಷಿಣ್ಯವಿಲ್ಲ. ದೊಡ್ಡ ಆಸ್ಪತ್ರೆ ಬೇಕೆಂದರೆ ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೇ ಓಡಬೇಕು.

ಇವೆಲ್ಲ ಸಣ್ಣ ಖರ್ಚು, ತಿಂಗಳು ತಿಂಗಳು ಕಣ್ಣಿಗೆ ಬೀಳುತ್ತವೆ. ದುಡ್ಡನ್ನು ಬುಡಸಮೇತ ಒಯ್ಯುವ ಅಪಾಯ ಬೇರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂದು ಕೂತಿತು. ಹಾಗೆಂದು ಮಡಿಕೇರಿಯನ್ನು ಪಟ್ಟಿಯಿಂದ ಹೊಡೆದುಹಾಕಿದೆವೇ? ಇಲ್ಲ. ಅಪಾಯ ಊರಿನದಲ್ಲ, ಸೈಟಿನದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ನಕ್ಷೆ ಭೂಕೋಶ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ನೋಡಲೇಬೇಕು. ಆದರೆ ಅದರ ಅಳತೆ 1:50,000. ನಲವತ್ತು ಅಡಿಯ ಸೈಟು ಅದರ ಮೇಲೆ ಕಾಲು ಮಿಲಿಮೀಟರೂ ಆಗುವುದಿಲ್ಲ. ನಕ್ಷೆ ಹೇಳುವುದು ಗುಡ್ಡದ ಸಂಗತಿ. ಜೆಸಿಬಿ ಎಲ್ಲಿ ಕಚ್ಚಿತು ಎಂಬುದನ್ನು ಕಾಲಲ್ಲೇ ಹೋಗಿ ನೋಡಬೇಕು.

ಘಟ್ಟದ ಊರೊಂದರಲ್ಲಿ ದಲ್ಲಾಳಿ ಒಂದು ಸೈಟು ತೋರಿಸಿದ. ಸಮತಟ್ಟು, ಮುಂದೆ ಕಣಿವೆ, ಬೆಲೆಯೂ ಕೈಗೆಟುಕುವಂಥದ್ದು. ಪಕ್ಕದ ಮನೆಯಲ್ಲಿ ಜಂಬಿಟ್ಟಿಗೆ ಕಟ್ಟುತ್ತಿದ್ದ ಮೇಸ್ತ್ರಿ, ದಲ್ಲಾಳಿ ಫೋನಿಗೆಂದು ಆಚೆ ಸರಿದಾಗ, “ಹೋದ ವರ್ಷ ಇದು ಗುಡ್ಡ ಆಗಿತ್ತು ಮಾರಾಯ್ರೆ” ಅಂದರು. ಹಿಂದಿನ ಅರ್ಧ ಗುಡ್ಡ ಕಡಿದದ್ದು, ಆಳೆತ್ತರಕ್ಕೂ ಮೀರಿದ ಧರೆ ನೆಟ್ಟಗೆ ನಿಂತಿತ್ತು. ಮುಂದಿನ ಅರ್ಧ, ಕಡಿದ ಆ ಮಣ್ಣನ್ನೇ ತಳ್ಳಿ ತುಂಬಿದ್ದು. ನಡುವೆ ಮಳೆನೀರು ಇಳಿಯುತ್ತಿದ್ದ ಕೊರಕಲು ಮುಚ್ಚಿಹೋಗಿತ್ತು.

“ವಿಮೆ ಮಾಡಿಸಿದರಾಯ್ತಲ್ಲ ಸಾರ್” ಅಂದ ದಲ್ಲಾಳಿ. ಮಾಡಿಸಬೇಕು, ನಿಜ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಮಾರುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ, ಭೂಕಂಪ, ಭೂಕುಸಿತ ಎಲ್ಲ ಸೇರಿವೆ. ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, 10 ಲಕ್ಷದ ಮಿತಿಯೊಳಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿ ಸಿಗುತ್ತದೆ. ಆದರೆ ಯಾವುದಕ್ಕೆ ಪರಿಹಾರವಿಲ್ಲ ಎಂಬ ಪಟ್ಟಿಯನ್ನು ಓದಿ: ತುಂಬಿದ ಮಣ್ಣು ಕುಗ್ಗಿದರೆ, ಸರಿದರೆ ಇಲ್ಲ, ಅಗೆತದಿಂದ ನೆಲ ಕುಸಿದರೆ ಇಲ್ಲ, ನದಿ ಕೊರೆದರೆ ಇಲ್ಲ. ಅಂದರೆ ನನಗೆ ತೋರಿಸಿದ ಸೈಟಿನ ಎರಡು ಅರ್ಧಕ್ಕೂ ಒಂದೊಂದು ತಕರಾರು ಸಿದ್ಧವಾಗಿತ್ತು. ಅದಕ್ಕಿಂತ ದೊಡ್ಡದು, ವಿಮೆ ಕಟ್ಟಡಕ್ಕೆ ಮಾತ್ರ, ನಿರ್ಮಾಣ ವೆಚ್ಚದ ಲೆಕ್ಕದಲ್ಲಿ. ನಾವು ಸೈಟಿಗೆ ಕೊಟ್ಟ ಹಣಕ್ಕೆ ವಿಮೆಯೇ ಇಲ್ಲ. ಬೆಂಕಿ ಬಿದ್ದರೆ ನೆಲ ಉಳಿಯುತ್ತದೆ, ಮತ್ತೆ ಕಟ್ಟಬಹುದು. ಗುಡ್ಡ ಜಾರಿದರೆ ಉಳಿಯುವುದು ಕ್ರಯಪತ್ರ. ಕೊಡಗಿನ ಸಂತ್ರಸ್ತರಿಗೆ ಸರ್ಕಾರ ಜಂಬೂರು, ಮದೆನಾಡುಗಳಲ್ಲಿ ಬೇರೆ ಮನೆ ಕಟ್ಟಿಸಿಕೊಡಬೇಕಾಗಿ ಬಂದದ್ದೂ ಅದಕ್ಕೇ. ಹಳೆಯ ಜಾಗದಲ್ಲಿ ಕಟ್ಟಲು ಜಾಗ ಇರಲಿಲ್ಲ.

ಹಾಗಾಗಿ ಬಾಡಿಗೆ ದಂಡ ಎನ್ನುವ ನೆಂಟರ ಮಾತಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆಗೆಂದು ಎತ್ತಿಟ್ಟ ಹಣದಲ್ಲಿ 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ತೆರಿಗೆ ಕಳೆದರೂ ಬಾಡಿಗೆ ಕಟ್ಟಿ ಸೌದೆಗೂ ಮಿಗುತ್ತದೆ. ಎರಡು ವರ್ಷದ ಮೇಲೆ, ಅವಧಿಗೆ ಮುಂಚೆ ತೆಗೆದರೆ ಅಸಲಿನಲ್ಲಿ ಶೇ. 1 ಹಿಡಿಯುತ್ತಾರೆ, ಅಂದರೆ 30,000. ಊರು ಒಗ್ಗದಿದ್ದರೆ ಗಂಟುಮೂಟೆ ಕಟ್ಟಲು ನಮಗೆ ಆಗುವ ನಷ್ಟ ಅಷ್ಟೇ. ಸೈಟು ಕೊಂಡಿದ್ದರೆ ನೋಂದಣಿ, ಮುದ್ರಾಂಕ ಶುಲ್ಕಕ್ಕೇ ಅದಕ್ಕಿಂತ ಹೆಚ್ಚು ಕೊಟ್ಟಿರುತ್ತಿದ್ದೆವು.

ಈಗ ಸಾಗರದಲ್ಲೇ ಒಂದು ಹಳೆಯ ಹೆಂಚಿನ ಮನೆ ಮಾರಾಟಕ್ಕಿದೆ. ಸಮತಟ್ಟು ಜಾಗ, ಹಿಂದೆ ಧರೆಯಿಲ್ಲ, ಬಾವಿಯಿದೆ. ನೋಟ ಅನ್ನುವುದು ಎದುರುಮನೆಯ ಕಾಂಪೌಂಡು. ಘಟ್ಟದ ಆ ಸೈಟಿನಲ್ಲಿ ಹೊಸ ಮನೆ ಕಟ್ಟುವುದಕ್ಕಿಂತ ಏಳೆಂಟು ಲಕ್ಷ ಹೆಚ್ಚು ಬೀಳುತ್ತದೆ. ಅಷ್ಟು ಕೊಡಬಹುದು ಎಂದು ಇಬ್ಬರೂ ಒಪ್ಪಿದ್ದೇವೆ. ಬಾವಿಯ ಪಂಪ್‌ಸೆಟ್ಟನ್ನೂ ಅದೇ ಬೆಲೆಗೆ ಬಿಟ್ಟುಕೊಡಲು ಮನೆಯವರು ಮಾತ್ರ ಇನ್ನೂ ಒಪ್ಪಿಲ್ಲ.