ಕಾರಿನ ದೋಷಕ್ಕೆ ಕೇಳುವವರು ಯಾರು?



ಕಾರು ಅಂದರೆ ಸಾಹುಕಾರರ ವಸ್ತು ಅಂತ ಹೇಳುವ ಕಾಲ ಹೋಯಿತು. ಈಗ ಮದುವೆಗೆ ಕಾರು. ಹೆರಿಗೆಗೆ ಕಾರು. ಧರ್ಮಸ್ಥಳಕ್ಕೆ ಹೋಗೋದಕ್ಕೂ ಕಾರು. ಸಂಘದಲ್ಲಿ ಸಾಲ ತೆಗೆದು ಮಗನಿಗೆ ಬಾಡಿಗೆ ಓಡಿಸಲು ಕಾರು ಕೊಡಿಸಿದ ತಾಯಂದಿರೂ ಇದ್ದಾರೆ. ಕಂತು ಕಟ್ಟುವವರು ಅವರೇ. ಆದರೆ ಕಾರಿನಲ್ಲಿ ದೋಷ ಕಂಡಾಗ ಅವರು ಬಾಯಿ ತೆರೆದರೆ, "ನಿನಗೆ ಮಿಶಿನ್ ವಿಷಯ ಏನಮ್ಮ ಗೊತ್ತು, ಸುಮ್ಮನಿರು" ಅಂತಾರೆ.

ಮಿಶಿನ್ ವಿಷಯ ಗೊತ್ತಿಲ್ಲದವರೂ ದೂರು ಕೊಡಬಹುದು. ಹೀಗೆ ಹೇಳುವವಳು ನಾನಲ್ಲ. ನಮ್ಮ ದೇಶದ ಸುಪ್ರೀಂ ಕೋರ್ಟಿನ ತೀರ್ಪಿನಿಂದಲೇ ಇದು ತಿಳಿಯುತ್ತದೆ. ಆ ಸಂಗತಿ ಓದೋಣ.

ಪ್ರಕರಣ ದೆಹಲಿಯದು. ಒಬ್ಬರು 2015ರ ಆಗಸ್ಟ್ ತಿಂಗಳಲ್ಲಿ ಹ್ಯುಂಡೈ ಕಂಪನಿಯ ಕ್ರೆಟಾ ಎಂಬ ಕಾರು ಕೊಂಡರು. ಅದರಲ್ಲಿ ಏರ್‌ಬ್ಯಾಗ್ ಇತ್ತು. ಈ ಕಾರಿನಲ್ಲಿ ಜೀವಕ್ಕೆ ರಕ್ಷಣೆ ಇದೆ ಎಂಬ ಮಾತು ನಂಬಿಯೇ ಅವರು ಅದನ್ನು ಕೊಂಡಿದ್ದರು. 2017ರ ನವೆಂಬರ್‌ನಲ್ಲಿ ಅಪಘಾತವಾಯಿತು. ಕಾರಿನ ಮುಂಭಾಗ ನಜ್ಜುಗುಜ್ಜಾಯಿತು. ಆದರೆ ಏರ್‌ಬ್ಯಾಗ್ ತೆರೆಯಲೇ ಇಲ್ಲ. ಅವರ ತಲೆಗೆ, ಎದೆಗೆ, ಹಲ್ಲಿಗೆ ಪೆಟ್ಟಾಯಿತು.

ಏರ್‌ಬ್ಯಾಗ್ ಅಂದರೆ ಗಾಳಿಚೀಲ. ಸ್ಟಿಯರಿಂಗ್ ಒಳಗೆ ಅದನ್ನು ಮಡಚಿ ಇಟ್ಟಿರುತ್ತಾರೆ. ಕಾರು ಮುಂದಿನಿಂದ ಜೋರಾಗಿ ಗುದ್ದಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿಕೊಳ್ಳುತ್ತದೆ. ತಲೆ, ಎದೆ ಹೋಗಿ ಸ್ಟಿಯರಿಂಗ್‌ಗೆ ಬಡಿಯದಂತೆ ತಡೆಯುತ್ತದೆ. 2019ರ ಜುಲೈನಿಂದ ಚಾಲಕರ ಮುಂದೆ ಇದು ಇರಲೇಬೇಕು ಎಂದು ಸರ್ಕಾರ ನಿಯಮ ಮಾಡಿತು. ಆದರೆ ಇದು ಸೀಟ್ ಬೆಲ್ಟಿನ ಜೊತೆಗಾರ. ಬೆಲ್ಟ್ ಹಾಕದವರಿಗೆ ಉಬ್ಬುವ ಚೀಲವೇ ಗುದ್ದಿ ಪೆಟ್ಟು ಮಾಡಬಹುದು. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತೇವಲ್ಲ, ಅದು ಬಹಳ ಅಪಾಯ. ಮಗುವನ್ನು ಹಿಂದಿನ ಸೀಟಿಗೆ ಕಳಿಸಿ. ಎಷ್ಟೇ ಅಳಲಿ.

ಈಗ ಪ್ರಕರಣಕ್ಕೆ ಬರೋಣ. ಕಾರಿನ ಯಜಮಾನರು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಕಂಪನಿ ಏನು ಹೇಳಿತು? "ಏರ್‌ಬ್ಯಾಗ್ ತೆರೆಯಬೇಕಾದರೆ ಮುಂದಿನಿಂದ ಸಾಕಷ್ಟು ಬಲವಾದ ಹೊಡೆತ ಬೀಳಬೇಕು. ಇಲ್ಲಿ ಅಷ್ಟು ಬಲ ಬಿದ್ದಿಲ್ಲ" ಅನ್ನುವುದು ಅದರ ವಾದ. ಬಲ ಎಷ್ಟು ಬಿತ್ತು ಅಂತ ಅಳೆಯುವವರು ಯಾರು? ರಕ್ತ ಸುರಿಯುತ್ತಾ ಕೂತವರು ಅಳತೆ ಪಟ್ಟಿ ಹಿಡಿದಿರುತ್ತಾರೆಯೇ?

ದೆಹಲಿಯ ರಾಜ್ಯ ಆಯೋಗ ಈ ವಾದ ಒಪ್ಪಲಿಲ್ಲ. ಚಿಕಿತ್ಸೆಗೆ ಮತ್ತು ಹೋದ ದುಡಿಮೆಗೆ 2 ಲಕ್ಷ ರೂಪಾಯಿ, ಮನಸ್ಸಿಗಾದ ನೋವಿಗೆ 50 ಸಾವಿರ, ಖರ್ಚಿಗೆ 50 ಸಾವಿರ ಕೊಡಿ ಎಂದಿತು. ಕಾರನ್ನೂ ಬದಲಾಯಿಸಿ ಕೊಡಿ ಎಂದಿತು. ಕಂಪನಿ ರಾಷ್ಟ್ರೀಯ ಆಯೋಗಕ್ಕೆ ಹೋಯಿತು. ಅಲ್ಲೂ ಸೋತಿತು. ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಏಪ್ರಿಲ್ 20ರಂದು ಅಲ್ಲೂ ಸೋತಿತು. ಕೊಂಡವನು ಭೌತಶಾಸ್ತ್ರದ ಪಂಡಿತ ಆಗಿರಬೇಕು, ವೇಗ ಬಲಗಳ ಲೆಕ್ಕ ಹಾಕಬೇಕು ಎಂದು ಯಾರೂ ನಿರೀಕ್ಷಿಸುವಂತಿಲ್ಲ ಎಂಬುದು ಆ ತೀರ್ಪಿನ ಒಂದು ಮಾತು. ಈ ಮಾತು ನನಗೆ ಬಹಳ ಇಷ್ಟ.

ಅಪಘಾತದಿಂದ ತೀರ್ಪಿನವರೆಗೆ ನಾಲ್ಕು ವರ್ಷದ ಮೇಲೆ ಆಯಿತು. ಅದು ಸಣ್ಣ ಅಲೆದಾಟ ಅಲ್ಲ, ನಿಜ.

ಕಾರಿನ ಬಾಡಿಯ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ಬಾಡಿ ಅಂದರೆ ಹೊಳೆಯುವ ಬಣ್ಣದ ತಗಡು ಮಾತ್ರ ಅಲ್ಲ. ಮನೆಗೆ ಕಂಬ, ತೊಲೆ ಇದ್ದ ಹಾಗೆ ಕಾರಿಗೂ ಒಳಗೆ ಕಬ್ಬಿಣದ ಹಂದರ ಇರುತ್ತದೆ. ಗುದ್ದಿದಾಗ ಮುಂದಿನ ಭಾಗ ಮುದುಡಿ ಪೆಟ್ಟು ನುಂಗಬೇಕು. ಜನ ಕೂರುವ ಗೂಡು ಮಾತ್ರ ಗಟ್ಟಿಯಾಗಿ ನಿಲ್ಲಬೇಕು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ 5 ಸಣ್ಣ ಕಾರುಗಳ ಪರೀಕ್ಷೆಯ ಫಲ ಹೇಳಿತು. ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದ್ದರು. ಒಂದರಲ್ಲೂ ಏರ್‌ಬ್ಯಾಗ್ ಇರಲಿಲ್ಲ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ! ಅದರಲ್ಲಿ 3 ಕಾರುಗಳ ಹಂದರವೇ ಕುಸಿದಿತ್ತು. ಹಂದರ ಕುಸಿಯುವ ಕಾರಿಗೆ ಏರ್‌ಬ್ಯಾಗ್ ಹಾಕಿದರೂ ಅಷ್ಟಕ್ಕಷ್ಟೇ. 2023ರ ಅಕ್ಟೋಬರ್‌ನಿಂದ ನಮ್ಮ ಸರ್ಕಾರದ್ದೇ ಪರೀಕ್ಷೆ ಬಂದಿದೆ. ಅದರ ಹೆಸರು ಭಾರತ್ ಎನ್‌ಕ್ಯಾಪ್. ಹೊಸ ಕಾರು ಕೊಳ್ಳುವಾಗ ಬಣ್ಣ ಕೇಳುವ ಮೊದಲು, "ಇದಕ್ಕೆ ಎಷ್ಟು ನಕ್ಷತ್ರ?" ಅಂತ ಕೇಳಿ.

ಇನ್ನು ಕಾರಿನ ಒಳಗೆ ಕೂತು ನೋಡಿ. ಕೀಲಿ ತಿರುಗಿಸಿದಾಗ ಚಾಲಕರ ಮುಂದೆ ಚಿಕ್ಕ ಚಿಕ್ಕ ದೀಪ ಹತ್ತುತ್ತವೆ. ಅದರಲ್ಲಿ ಒಂದು ಚಿತ್ರ ಇದೆ. ಕೂತ ಮನುಷ್ಯ, ಎದುರಿಗೆ ಒಂದು ಚೆಂಡು. ಅದೇ ಏರ್‌ಬ್ಯಾಗಿನ ದೀಪ. ಕೆಲವು ಸೆಕೆಂಡು ಹತ್ತಿ ಆರಿಹೋಗಬೇಕು. ಆರದೆ ಉರಿಯುತ್ತಲೇ ಇದ್ದರೆ ಏರ್‌ಬ್ಯಾಗಿನ ವ್ಯವಸ್ಥೆಯಲ್ಲಿ ದೋಷ ಇದೆ ಎಂದು ಅರ್ಥ. ಇದನ್ನು ತಿಳಿಯಲು ಇಂಗ್ಲಿಷ್ ಬೇಡ. ಸೀಟ್ ಬೆಲ್ಟನ್ನು ಫಕ್ಕನೆ ಜಗ್ಗಿ ನೋಡಿ, ತಟ್ಟನೆ ಹಿಡಿದುಕೊಳ್ಳಬೇಕು. ಸಡಿಲವಾಗಿ ಬರುತ್ತಲೇ ಇದ್ದರೆ ಅದು ದೋಷ. ಬಾಗಿಲು ಓಡುವಾಗ ತೆರೆದುಕೊಳ್ಳುವುದು, ಸೀಟಿನ ಬುಡ ಅಲುಗಾಡುವುದು, ಹೊಸ ಕಾರಿನ ಅಡಿಯಲ್ಲಿ ತುಕ್ಕು, ಬ್ರೇಕ್ ತಡವಾಗಿ ಹಿಡಿಯುವುದು, ಇವೆಲ್ಲ ಜೀವದ ವಿಷಯ. ಬಣ್ಣ ಮಾಸಿತು, ಕಿಟಕಿ ಕಿರ್ ಅಂತದೆ ಎನ್ನುವುದನ್ನೂ ಹೇಳಿ, ಆದರೆ ಜೀವದ ವಿಷಯವನ್ನು ಮೊದಲು ಬರೆಯಿರಿ.

ನಮ್ಮ ಕಡೆಯಿಂದಲೂ ತಪ್ಪು ಇರಬಾರದು. ಮುಂದೆ ಚಂದಕ್ಕೆ ಕಬ್ಬಿಣದ ಗಾರ್ಡ್ ಹಾಕಿಸುತ್ತಾರೆ. ಅದು ಹೊಡೆತದ ದಾರಿಯನ್ನೇ ಬದಲಿಸಿ ಏರ್‌ಬ್ಯಾಗಿಗೆ ಅಡ್ಡಿ ಮಾಡಬಹುದು. ಇಂಥ ಗಾರ್ಡ್ ಹಾಕಬಾರದು ಎಂದು 2017ರಲ್ಲೇ ಕೇಂದ್ರ ಸಾರಿಗೆ ಇಲಾಖೆ ಹೇಳಿದೆ. ಬೆಲ್ಟ್ ಹಾಕದಿದ್ದರೆ ಕಾರು ಕೂಗುತ್ತದಲ್ಲ, ಆ ಸದ್ದು ನಿಲ್ಲಿಸಲು ಕೆಲವರು ಕ್ಲಿಪ್ ಸಿಕ್ಕಿಸುತ್ತಾರೆ. ಅದನ್ನು ಕಿತ್ತು ಬಿಸಾಡಿ. ಇಂಥವು ಇದ್ದರೆ ಕಂಪನಿಗೆ ಒಂದು ನೆಪ ಸಿಕ್ಕಿಬಿಡುತ್ತದೆ.

ಒಂದೇ ಮಾದರಿಯ ಕಾರುಗಳಲ್ಲಿ ಒಂದೇ ದೋಷ ಕಂಡರೆ ಏನು ಮಾಡಬೇಕು? ಅದಕ್ಕೆ ರೀಕಾಲ್ ಎಂಬ ದಾರಿ ಇದೆ. ರೀಕಾಲ್ ಅಂದರೆ ಮಾರಿದ ಕಾರುಗಳನ್ನು ಕಂಪನಿ ವಾಪಸು ಕರೆಸಿ ಸರಿಮಾಡುವುದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಕಲಂ ಸೇರಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅಪಾಯದ ದೋಷ ಇದೆ ಎಂದು ಸಾಕಷ್ಟು ಜನ ಯಜಮಾನರು ದೂರು ಕೊಟ್ಟರೆ ಸರ್ಕಾರವೇ ರೀಕಾಲ್ ಮಾಡಿಸಬಹುದು. ಕಂಪನಿ ಹಣ ಹಿಂದಿರುಗಿಸಬೇಕು, ಇಲ್ಲವೆ ವಾಹನ ಬದಲಿಸಬೇಕು, ಇಲ್ಲವೆ ರಿಪೇರಿ ಮಾಡಿಕೊಡಬೇಕು. ದೂರುಗಳ ಲೆಕ್ಕ ಸೇರುವುದು ಬರೆದು ಕೊಟ್ಟಾಗ ಮಾತ್ರ. ಗ್ಯಾರೇಜಿನಲ್ಲಿ ಬೈದು ಬಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಕೆಲವು ಸಲ ಕಂಪನಿ ತಾನೇ ಕರೆಸುತ್ತದೆ. ಜಪಾನಿನ ತಕಾಟ ಎಂಬ ಕಂಪನಿ ಮಾಡಿದ ಏರ್‌ಬ್ಯಾಗುಗಳಲ್ಲಿ ಹೀಗೇ ಆಯಿತು. ಬಿಸಿಲು, ತೇವ ತಿಂದು ತಿಂದು ಅದರೊಳಗಿನ ಮದ್ದು ಕೆಟ್ಟಿತು. ಚೀಲ ತೆರೆಯುವಾಗ ಲೋಹದ ಡಬ್ಬಿ ಸಿಡಿದು ಚೂರುಗಳು ಜನರಿಗೆ ಚುಚ್ಚಿದವು. ಬೇರೆ ಬೇರೆ ದೇಶಗಳಲ್ಲಿ ಜನ ಸತ್ತರು. ಕೋಟಿಗಟ್ಟಲೆ ಕಾರುಗಳನ್ನು ಕರೆಸಿದರು. ಭಾರತದಲ್ಲೂ ಹೋಂಡಾ ಕಂಪನಿ ಇಂಥ ಕಾರುಗಳನ್ನು ಕರೆಸಿ ಏರ್‌ಬ್ಯಾಗಿನ ಭಾಗವನ್ನು ಉಚಿತವಾಗಿ ಬದಲಿಸಿತು. ಹಳೇ ಕಾರು ಕೊಂಡವರು ಇದನ್ನು ಗಮನಿಸಬೇಕು. ಕಂಪನಿಯ ಪತ್ರ ಮೊದಲ ಯಜಮಾನರ ವಿಳಾಸಕ್ಕೆ ಹೋಗಿರಬಹುದು. ಆರ್.ಸಿ.ಯಲ್ಲಿ 17 ಅಕ್ಷರ ಅಂಕೆಗಳ ಚಾಸಿ ನಂಬರ್ ಇರುತ್ತದೆ. ಅದನ್ನು ಶೋರೂಮಿನಲ್ಲಿ ಕೊಟ್ಟು, "ಈ ಕಾರಿಗೆ ರೀಕಾಲ್ ಇದೆಯಾ?" ಅಂತ ಕೇಳಿ.

ದೂರಿಗೆ ಬೇಕಾದುದು ಕಾಗದ. ಬಿಲ್ಲು, ವಾರಂಟಿ ಪುಸ್ತಕ, ಆರ್.ಸಿ., ವಿಮೆ, ಸರ್ವಿಸ್ ಮಾಡಿಸಿದಾಗ ಕೊಡುವ ಜಾಬ್ ಕಾರ್ಡ್, ಇವನ್ನು ಒಂದೇ ಚೀಲದಲ್ಲಿ ಇಡಿ. ಜಾಬ್ ಕಾರ್ಡಿನಲ್ಲಿ ನೀವು ಹೇಳಿದ ದೋಷವನ್ನು ಬರೆದಿದ್ದಾರೆಯೇ ಎಂದು ಓದಿ ಆಮೇಲೆ ಸಹಿ ಹಾಕಿ. ಬರೀ "ಸಾಮಾನ್ಯ ತಪಾಸಣೆ" ಎಂದು ಬರೆದಿದ್ದರೆ ಸಹಿ ಹಾಕಬೇಡಿ.

ಮೊದಲು ಮಾರಿದವರಿಗೆ, ಕಂಪನಿಗೆ ಪತ್ರ ಬರೆಯಿರಿ. ಜಗ್ಗದಿದ್ದರೆ 1915 ನಂಬರಿಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ದೋಷದಿಂದ ತೊಂದರೆಯಾದ 2 ವರ್ಷದೊಳಗೆ ಹೋಗಬೇಕು. "ಅದು ಬಾಡಿಗೆ ಕಾರು, ನೀವು ಗ್ರಾಹಕರಲ್ಲ" ಎಂದು ಯಾರಾದರೂ ಹೆದರಿಸಿಯಾರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಾಹನ ಆದರೆ ಕೊಂಡವರೂ ಗ್ರಾಹಕರೇ. ಕಾನೂನಿನಲ್ಲೇ ಹಾಗೆ ಇದೆ.

ಪತ್ರ ಹೀಗೆ ಬರೆಯಬಹುದು. ನೋಡಿಕೊಂಡು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಚುಕ್ಕಿ ಇರುವ ಕಡೆ ನಿಮ್ಮ ವಿವರ ತುಂಬಿ. ಎರಡು ಪ್ರತಿ ಮಾಡಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ.

ಊರು: ………  ತಾರೀಕು: ………

ಮ್ಯಾನೇಜರ್ ಅವರಿಗೆ,

ನಾನು ……… ತಾರೀಕಿನಂದು ನಿಮ್ಮಲ್ಲಿ ……… ಕಾರು ಕೊಂಡಿದ್ದೇನೆ. ಚಾಸಿ ನಂಬರ್ ………. ಇದರ ಮುಂದಿನ ಎಡ ಸೀಟಿನ ಬೆಲ್ಟ್ ಹಿಡಿದುಕೊಳ್ಳುವುದಿಲ್ಲ. ಏರ್‌ಬ್ಯಾಗಿನ ದೀಪ ಆರುವುದಿಲ್ಲ. ……… ಮತ್ತು ……… ತಾರೀಕುಗಳಂದು ನಿಮ್ಮ ವರ್ಕ್‌ಶಾಪಿಗೆ ತಂದಿದ್ದೆವು. ಜಾಬ್ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. ದೋಷ ಹಾಗೆಯೇ ಇದೆ. ಇದು ಜೀವದ ಅಪಾಯ. 15 ದಿನದೊಳಗೆ ಹಣ ಕೇಳದೆ ಸರಿಮಾಡಿಕೊಡಿ. ಸರಿಮಾಡಲು ಆಗದಿದ್ದರೆ ಕಾರಣವನ್ನು ಬರೆದು ಕೊಡಿ.

ಇಂತಿ,
ಕಾರಿನ ಮಾಲೀಕಳು
(ಸಹಿ) ………