ಜೋಡಿಸುವ ಮೊದಲು ಒಮ್ಮೆ ಕೇಳಿ ನೋಡು

ನೋಡಮ್ಮ, ರಾಬರ್ಟ್‌ಸನ್‌ಪೇಟೆಯ ಟ್ರಸ್ಟ್‌ನವರ ಹಳೆಯ ವರ್ಡ್‌ಪ್ರೆಸ್ ತಾಣಕ್ಕೆ ನೆಕ್ಸ್ಟ್ ಜೆಎಸ್‌ನಲ್ಲಿ ಹೊಸ ಮುಖ ಕಟ್ಟಿಕೊಡಲು ಒಪ್ಪಿಕೊಂಡಿದ್ದೀಯ. ಸಂತೋಷ. ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲು ಹಿಡಿಯುವ ನಮ್ಮ ಮಕ್ಕಳಿಗೆ ಊರಿನವರೇ ಕರೆದು ಕೆಲಸ ಕೊಡುವುದು ಅಪರೂಪ. ಆದರೆ ನಿನ್ನೆ ಟರ್ಮಿನಲ್ ತೆರೆದು, ‘ಒಂದು ಕಮಾಂಡ್ ಹೊಡೆದರೆ ಎಲ್ಲ ತಾನೇ ಜೋಡಿಸಿಕೊಳ್ಳುತ್ತೆ ಮಾವ’ ಅಂದೆಯಲ್ಲ, ಅದಕ್ಕೆ ನನ್ನದೊಂದು ತಕರಾರಿದೆ.

ಆ ಕಮಾಂಡ್ ಫೋಲ್ಡರ್ ಮಾಡುತ್ತದೆ, ಪ್ಯಾಕೇಜ್ ಇಳಿಸುತ್ತದೆ, ಮಾದರಿ ಪುಟವನ್ನೂ ಕೊಡುತ್ತದೆ. ಎಲ್ಲ ಸರಿ. ಆ ಮಾದರಿ ಬರೆದವನು ಮನಸ್ಸಿನಲ್ಲಿಟ್ಟುಕೊಂಡದ್ದು ಇಂಗ್ಲಿಷ್ ಲೇಖನವನ್ನು. ನಿನ್ನ ಕೈಗೆ ಬರುವುದು ಕನ್ನಡ. ಹಾಗಾಗಿ ಮೊದಲ ದಿನ ಏನನ್ನೂ ಇನ್‌ಸ್ಟಾಲ್ ಮಾಡಬೇಡ. ಬರೀ ಕರ್ಲ್ ಹಿಡಿದು ವರ್ಡ್‌ಪ್ರೆಸ್ ಅನ್ನು ಮಾತನಾಡಿಸು. 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಿಂದ ವರ್ಡ್‌ಪ್ರೆಸ್‌ನೊಳಗೇ ರೆಸ್ಟ್ ಎಪಿಐ ಇದೆ, ಪ್ಲಗಿನ್ ಬೇಕಿಲ್ಲ. ಪೋಸ್ಟ್‌ಗಳ ವಿಳಾಸಕ್ಕೆ ಒಂದು ಕರ್ಲ್ ಹೊಡೆದರೆ ಉತ್ತರ ಕಣ್ಣೆದುರಿಗೆ ಬರುತ್ತದೆ.

ಬಂದದ್ದನ್ನು ನೋಡಿ ಗಾಬರಿಯಾಗಬೇಡ. ‘ಬಂಗಾರಪೇಟೆ’ ಇರಬೇಕಾದ ಕಡೆ ಒಂದೊಂದು ಅಕ್ಷರಕ್ಕೂ ಓರೆಗೆರೆ, ಯು, ಆಮೇಲೆ ನಾಲ್ಕು ಅಂಕಿ-ಅಕ್ಷರಗಳ ಸಾಲು ಕಾಣುತ್ತದೆ. ಅದು ಯೂನಿಕೋಡ್ ಸಂಖ್ಯೆ, ಕೆಟ್ಟದ್ದೇನಲ್ಲ. ಜೆಕ್ಯೂಗೆ ಪೈಪ್ ಮಾಡಿದರೆ ಕನ್ನಡವಾಗುತ್ತದೆ. ಆಗಲೂ ಒತ್ತುಗಳು ಎಲ್ಲೆಲ್ಲೋ ತೇಲುತ್ತಿರಬಹುದು, ಗುಣಿತ ಬಿಟ್ಟುಹೋದಂತೆ ಕಾಣಬಹುದು. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ ಹಂಚುತ್ತದೆ, ನಮ್ಮ ಒತ್ತಕ್ಷರ ಅದರಲ್ಲಿ ಕೂರುವುದಿಲ್ಲ, ಅಷ್ಟೆ. ಡೇಟಾ ಕೆಟ್ಟಿದೆ ಎಂದುಕೊಂಡು ಅದನ್ನು ‘ಸರಿಪಡಿಸಲು’ ಹೋಗಿ ನಿಜವಾಗಿಯೂ ಕೆಡಿಸಿದವರನ್ನು ನಾನು ಕಂಡಿದ್ದೇನೆ. ಕಡತಕ್ಕೆ ಉಳಿಸಿ ಬ್ರೌಸರ್‌ನಲ್ಲಿ ತೆರೆದು ನೋಡು, ಆಮೇಲೆ ತೀರ್ಪು ಕೊಡು. ಅಲ್ಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಂಡರೆ ಅದು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಮೊದಲು ಯೂನಿಕೋಡ್‌ಗೆ ತಿರುಗಿಸಬೇಕು. ಆ ಕೆಲಸಕ್ಕೆ ಬೇರೆ ಹಣ ಕೇಳು, ಸಂಕೋಚ ಬೇಡ.

ಮುಂದಿನದು ಎಣಿಕೆ. ನೀನು ಏನೂ ಹೇಳದಿದ್ದರೆ ವರ್ಡ್‌ಪ್ರೆಸ್ ಸಲಕ್ಕೆ 10 ಲೇಖನ ಕೊಡುತ್ತದೆ. 100ಕ್ಕಿಂತ ಹೆಚ್ಚು ಕೇಳಿದರೆ ತಪ್ಪೆಂದು ತಿರುಗಿಸಿ ಕಳಿಸುತ್ತದೆ. ಒಟ್ಟು ಎಷ್ಟಿದೆ ಎಂಬುದು ಉತ್ತರದ ಹೆಡರ್‌ನಲ್ಲಿರುತ್ತದೆ, ಕರ್ಲ್‌ಗೆ ಡ್ಯಾಶ್ ದೊಡ್ಡ ಐ ಕೊಟ್ಟು ಓದಿಕೊ. ಮುಖಪುಟ ಚೆನ್ನಾಗಿ ಕಂಡಿತೆಂದು ನೀನು ಹಿಗ್ಗುತ್ತಿರುವಾಗ ಹನ್ನೊಂದನೆಯ ಲೇಖನ ಎಲ್ಲಿ ಎಂದು ಟ್ರಸ್ಟ್‌ನ ಕಾರ್ಯದರ್ಶಿ ಕೇಳುವಂತಾಗಬಾರದು.

ಕನ್ನಡದವರಿಗೆ ದೊಡ್ಡ ಬಲೆ ಸ್ಲಗ್, ಅಂದರೆ ಲೇಖನದ ವಿಳಾಸದ ತುದಿ. ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೆ, ಒಂದು ಗುಣಿತಕ್ಕೆ, ಒಂದು ಹಲಂತ ಚಿಹ್ನೆಗೂ ಮೂರು ಬೈಟ್. ವಿಳಾಸದಲ್ಲಿ ಪ್ರತಿ ಬೈಟಿಗೂ ಶೇಕಡಾ ಗುರುತು ಸೇರಿ ಮೂರು ಚಿಹ್ನೆ, ಹಾಗಾಗಿ ಒಂದು ಅಕ್ಷರಕ್ಕೆ ಒಂಬತ್ತು ಚಿಹ್ನೆಗಳಾಗುತ್ತವೆ. ‘ಬಂಗಾರಪೇಟೆ’ ಒಂದೇ ಪದ 81 ಚಿಹ್ನೆ ತಿನ್ನುತ್ತದೆ. ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಡುವ ಜಾಗ 200. ‘ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆ’ ಎಂದು ಶೀರ್ಷಿಕೆ ಶುರುವಾದರೆ ‘ಮಾರುಕಟ್ಟೆ’ ಮುಗಿಯುವ ಮೊದಲೇ ಕತ್ತರಿ ಬೀಳುತ್ತದೆ. ಅದೇ ಪದಗಳಿಂದ ಶುರುವಾಗುವ ಇನ್ನೊಂದು ಶೀರ್ಷಿಕೆ ಬಂದರೆ ಅದರ ಬಾಲಕ್ಕೆ 2 ಅಂಟುತ್ತದೆ. ಸಾಲದ್ದಕ್ಕೆ ವರ್ಡ್‌ಪ್ರೆಸ್ ಈ ಶೇಕಡಾ ಸಾಲನ್ನು ಸಣ್ಣ ಅಕ್ಷರದಲ್ಲಿ ಇಡುತ್ತದೆ, ಜಾವಾಸ್ಕ್ರಿಪ್ಟ್ ದೊಡ್ಡ ಅಕ್ಷರದಲ್ಲಿ ಮಾಡುತ್ತದೆ. ನೇರವಾಗಿ ಹೋಲಿಸಿದರೆ ಎರಡೂ ಬೇರೆ, ಪುಟ 404. ಎರಡೂ ಕಡೆ ಡಿಕೋಡ್ ಮಾಡಿ ಹೋಲಿಸು. ಇನ್ನು ಮುಂದಿನ ಲೇಖನಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಸ್ಲಗ್ ಕೊಡಿ ಎಂದು ಅವರಿಗೆ ಹೇಳಿಕೊಡು. ಭಾಷಾಭಿಮಾನಿಗಳು ಬೈದರೆ ನನ್ನ ಹೆಸರು ಹೇಳು.

ಭಾಷೆಯ ಮಾತು ಬಂತಲ್ಲ, ರಾಬರ್ಟ್‌ಸನ್‌ಪೇಟೆ ಇರುವುದು ಕೆಜಿಎಫ್‌ನಲ್ಲಿ, ಕೆಜಿಎಫ್ ಎಂದ ಮೇಲೆ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಲ್ಲ ಬೇಕಾಗುತ್ತದೆ. ಪುಟದ ಭಾಷೆ ಸೂಚಿಸುವಾಗ ಕನ್ನಡದ ಸಂಕೇತ ಕೆಎನ್. ಗಾಡಿಯ ಮೇಲೆ ಕೆಎ 08 ನೋಡಿದ ರೂಢಿಯಲ್ಲಿ ಕೆಎ ಎಂದು ಹಾಕಿದರೆ ಬ್ರೌಸರ್ ಅದನ್ನು ಜಾರ್ಜಿಯಾ ದೇಶದ ಭಾಷೆ ಎಂದು ಓದಿಕೊಳ್ಳುತ್ತದೆ.

ಈಗ ಕೊಂಚ ಗಂಭೀರವಾಗಿ ಕೇಳು. ಕೆಜಿಎಫ್‌ನ ಚಿನ್ನದ ಗಣಿ ನಡೆಸುತ್ತಿದ್ದ ಬಿಜಿಎಂಎಲ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದ ಮೇಲೆ ಗಣಿಯಲ್ಲಿ ದುಡಿದವರು ಹೇಳಿ ಬರೆಸಿದ ನೆನಪುಗಳು ಆ ತಾಣದಲ್ಲಿವೆ. ಹೇಳಿದವರಲ್ಲಿ ಎಷ್ಟೋ ಜನ ಈಗಿಲ್ಲ, ಮತ್ತೆ ಕೇಳಿ ಬರೆಯಲಾಗದು. ನಿನ್ನ ತಾತ ಚಾಂಪಿಯನ್ ರೀಫ್‌ನಲ್ಲಿ ವೈಂಡಿಂಗ್ ಎಂಜಿನ್ ಓಡಿಸುತ್ತಿದ್ದರು. ಕೇಜ್ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಕೆಳಗಿನಿಂದ ಗಂಟೆ ಎಷ್ಟು ಸಲ ಬಡಿಯಿತೋ ಅದರಂತೆ ಏರಿಸುವುದು, ಇಳಿಸುವುದು. ಟರ್ಮಿನಲ್ ಕೂಡ ಹಾಗೇ, ನೀನು ಬಡಿದದ್ದನ್ನು ಮಾಡುತ್ತದೆ, ನಿನ್ನ ಮನಸ್ಸಿನಲ್ಲಿದ್ದದ್ದನ್ನಲ್ಲ. ಮುಂದೆ ವರ್ಡ್‌ಪ್ರೆಸ್ ಬಿಟ್ಟು ಸ್ಟ್ರಾಪಿಗೆ ಹೋಗುವ ಯೋಚನೆ ನಿನಗಿದೆ ಅಂದೆ. ಅದರ ಇಂಪೋರ್ಟ್ ಕಮಾಂಡ್ ಹೊಸದನ್ನು ತುಂಬುವ ಮೊದಲು ಅಲ್ಲಿದ್ದದ್ದನ್ನೆಲ್ಲ ಅಳಿಸುತ್ತದೆ. ಒಮ್ಮೆ ಕೇಳುತ್ತದೆ ನಿಜ. ಫೋರ್ಸ್ ಎಂದು ಸೇರಿಸಿದರೆ ಅದೂ ಇಲ್ಲ.

ಆದ್ದರಿಂದ ಡಬ್ಲ್ಯುಪಿ-ಸಿಎಲ್‌ಐನಲ್ಲಿ ಮೊದಲು ಡಿಬಿ ಎಕ್ಸ್‌ಪೋರ್ಟ್. ಆ ಕಡತವನ್ನು ನಿನ್ನ ಲ್ಯಾಪ್‌ಟಾಪ್‌ನಲ್ಲಿ ಬೇರೆ ಡೇಟಾಬೇಸ್‌ಗೆ ಏರಿಸಿ ನೋಡು. ಏರಿಸಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ. ಫೋಟೊಗಳು ಡೇಟಾಬೇಸ್‌ನಲ್ಲಿಲ್ಲ, ಅಪ್‌ಲೋಡ್ಸ್ ಫೋಲ್ಡರ್ ಬೇರೆಯಾಗಿ ನಕಲು ಮಾಡಬೇಕು. ಹಳೆಯ ಡೊಮೇನ್ ಹೆಸರು ಬದಲಿಸುವಾಗ ಸರ್ಚ್-ರಿಪ್ಲೇಸ್‌ಗೆ ಡ್ರೈ-ರನ್ ಹಾಕಿ ಎಷ್ಟು ಕಡೆ ಬದಲಾಗುತ್ತದೆ ಎಂದು ಮೊದಲು ಓದು. ಮಾರಿಕುಪ್ಪಂ ರೈಲಿನಲ್ಲಿ ಸೀಟು ಸಿಕ್ಕ ಖುಷಿಗೆ ಇಂಥದ್ದನ್ನೆಲ್ಲ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಓಡಿಸಬೇಡ. ಓಡಿಸಲೇಬೇಕಾದರೆ ಸರ್ವರ್‌ನಲ್ಲಿ ಟಿಮಕ್ಸ್ ಒಳಗೆ ಓಡಿಸು, ಸಿಗ್ನಲ್ ಹೋದರೂ ಅಲ್ಲಿ ಕೆಲಸ ನಿಲ್ಲದು.

ಕೀಲಿಗಳ ವಿಷಯ ಚಿಕ್ಕದು. ಟೋಕನ್‌ಗಳು ಎನ್ವಿ ಕಡತದಲ್ಲಿರಲಿ, ಆ ಕಡತ ಗಿಟ್‌ಗೆ ಹೋಗದಿರಲಿ. ನೆಕ್ಸ್ಟ್ ಪಬ್ಲಿಕ್ ಎಂದು ಶುರುವಾಗುವ ಹೆಸರು ಕೊಟ್ಟರೆ ಅದು ನೇರ ಓದುಗರ ಬ್ರೌಸರ್‌ಗೆ ಹೋಗುತ್ತದೆ, ಬರೆಯುವ ಅಧಿಕಾರದ ಟೋಕನ್‌ಗೆ ಆ ಹೆಸರು ಕೊಡಲೇಬೇಡ. ವರ್ಡ್‌ಪ್ರೆಸ್‌ಗಾದರೆ 5.6ರಿಂದ ಅಪ್ಲಿಕೇಶನ್ ಪಾಸ್‌ವರ್ಡ್ ಇದೆ. ಕಾರ್ಯದರ್ಶಿಯ ಪಾಸ್‌ವರ್ಡ್ ಇಸಿದುಕೊಂಡು ಕೆಲಸ ಮಾಡುವ ಅಗತ್ಯವಿಲ್ಲ, ಕೆಲಸ ಮುಗಿದ ದಿನ ಆ ಅಪ್ಲಿಕೇಶನ್ ಪಾಸ್‌ವರ್ಡ್ ಒಂದನ್ನೇ ರದ್ದು ಮಾಡಬಹುದು.

ಕೊನೆಯದಾಗಿ, ಹೋಸ್ಟಿಂಗ್, ಡೊಮೇನ್, ಗಿಟ್ ಖಾತೆ ಎಲ್ಲವನ್ನೂ ಟ್ರಸ್ಟ್‌ನ ಇಮೇಲ್‌ನಲ್ಲಿ ತೆರೆಸು, ನಿನ್ನದರಲ್ಲಿ ಬೇಡ. ನೀನು ಓಡಿಸಿದ ಕಮಾಂಡ್‌ಗಳನ್ನು ಓಡಿಸಿದ ಕ್ರಮದಲ್ಲೇ ರೀಡ್‌ಮಿ ಕಡತದಲ್ಲಿ ಕನ್ನಡದಲ್ಲಿ ಬರೆದಿಡು. ನಿನಗೆ ಮದುವೆಯಾಗಿ ಊರು ಬಿಟ್ಟರೆ ರಾಬರ್ಟ್‌ಸನ್‌ಪೇಟೆಯವರು ನನ್ನ ಮನೆ ಬಾಗಿಲಿಗೆ ಬರುತ್ತಾರೆ, ನನಗೆ ಈಗ ಆ ನೆಕ್ಸ್ಟ್ ಜೆಎಸ್ ಕಲಿಯುವ ವಯಸ್ಸಲ್ಲ.